ಮಗು ಯಾರ ಹಾಗಿತ್ತು

ಮುಲ್ಕಿ
18 ಆಗಸ್ಟ್ 2023

ಪ್ರೀತಮ್,

ನಿನ್ನೆ ಫೋನ್ ಇಟ್ಟ ಮೇಲೆ ಅಮ್ಮ ಬಂದು "ಏನು ಹೇಳಿದ ಪ್ರೀತಮ್?" ಎಂದು ಕೇಳಿದರು. ನಾನು ಊಟ ಮಾಡಿದೆನೇ ಎಂದು ನೀವು ಕೇಳಿದಿರಿ, ಹೌದು ಎಂದೆ. ಆಮೇಲೆ ನೀವು ಹೂಂ ಎಂದಿರಿ, ನಾನೂ ಹೂಂ ಎಂದೆ. ಅದಕ್ಕೇ ಕಾಗದ ಬರೆಯಲು ಕುಳಿತಿದ್ದೇನೆ. ಕಾಗದದಲ್ಲಿ ಬರೀ ಹೂಂ ಎಂದು ಬರೆದು ಕಳಿಸಲು ಯಾರಿಗೂ ಆಗುವುದಿಲ್ಲ.

ಹೊಲಿಗೆ ಹಾಕಿದಲ್ಲಿ ಈಗ ನೋವಿಲ್ಲ. ಬಿಪಿ ಮಾತ್ರೆ ಮುಂದುವರಿಸಲು ಇಲ್ಲಿನ ಡಾಕ್ಟರ್ ಹೇಳಿದ್ದಾರೆ. ಅಣ್ಣನ ಮಕ್ಕಳು ಹತ್ತಿರ ಬರುವಾಗ ಅತ್ತಿಗೆ ಅವರನ್ನು ಮೆಲ್ಲನೆ ಆಚೆ ಕರೆಯುತ್ತಾರೆ. ಹಾಗೆ ಕರೆಯಬೇಡಿ ಎಂದು ಹೇಳಬೇಕು, ಹೇಳುವುದಿಲ್ಲ.

ನನಗೆ ಒಂದು ವಿಷಯ ತಿಳಿಯಬೇಕು. ಆ ದಿನ ವಡಾಲದ ಮನೆಯಲ್ಲಿ ನನಗೆ ಫಿಟ್ಸ್ ಬಂದದ್ದರಿಂದ ಹಿಡಿದು ಐಸಿಯುನಲ್ಲಿ ಕಣ್ಣು ಬಿಡುವ ತನಕ ನನ್ನ ಬಳಿ ಒಂದು ನೆನಪೂ ಇಲ್ಲ. ನಾನು ಎಚ್ಚರವಾಗುವ ಮೊದಲೇ ನೀವು ಮಗುವನ್ನು ಶಿವಡಿಯ ಸ್ಮಶಾನಕ್ಕೆ ಕೊಂಡುಹೋಗಿ ಮಣ್ಣು ಮಾಡಿ ಬಂದಿದ್ದಿರಿ. ನಾನು ಮನೆಗೆ ಬರುವಷ್ಟರಲ್ಲಿ ಅವಳ ಬಟ್ಟೆಗಳನ್ನೂ ಯಾರಿಗೋ ಕೊಟ್ಟಾಗಿತ್ತು. ಅದರ ಬಗ್ಗೆ ಈಗ ಜಗಳ ಮಾಡುವುದಿಲ್ಲ. ಅವಳನ್ನು ನೋಡಿದವರು ನೀವು ಒಬ್ಬರೇ. ಯಾರ ಹಾಗಿದ್ದಳು? ಅಷ್ಟು ಬರೆಯಿರಿ.

ವಿನೋದಿನಿ


ವಡಾಲ
27 ಆಗಸ್ಟ್ 2023

ಪ್ರೀತಿಯ ವಿನು,

ನಿನ್ನ ಕಾಗದ ಸಿಕ್ಕಿತು. ನೋವು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ಮಾತ್ರೆ ಬಿಡಬೇಡ.

ಇಲ್ಲಿ ಎಲ್ಲ ಸರಿಯಿದೆ. ಬಚ್ಚಲಿನ ನಲ್ಲಿ ಸೋರುತ್ತಿತ್ತಲ್ಲ, ಅದನ್ನು ಬದಲಿಸಿದೆ. ಕಾಂದಿವಲಿಯಲ್ಲಿ ನಮ್ಮ ಡಬ್ಬ ಮಾಡುವ ಕಾರ್ಖಾನೆಗೆ ಹಬ್ಬದ ಆರ್ಡರ್ ಬಂದಿದೆ, ಸಿಹಿ ತಿಂಡಿಯ ಡಬ್ಬಗಳು. ಹಾಗಾಗಿ ನನ್ನ ಶಿಫ್ಟ್ ಉದ್ದವಾಗಿದೆ. ದಾದರ್‌ನಲ್ಲಿ ಲೋಕಲ್ ಗಾಡಿ ಹಿಡಿಯುವುದೇ ಒಂದು ಯುದ್ಧ. ನಿನಗೆ ಗೊತ್ತೇ ಇದೆ.

ಕಳೆದ ಭಾನುವಾರ ಚರ್ಚಿನ ಕನ್ನಡ ಆರಾಧನೆಗೆ ಹೋಗಿದ್ದೆ. ಎಲ್ಲರೂ "ವಿನೋದಿನಿ ಹೇಗಿದ್ದಾಳೆ?" ಎಂದು ಕೇಳಿದರು. ಸ್ತ್ರೀಯರ ಕೂಟದವರು ನಿನ್ನ ಹೆಸರು ಹೇಳಿ ಪ್ರಾರ್ಥಿಸಿದರು. ಸಭಾಪಾಲಕ ಅಯ್ಯನವರು ನನ್ನ ಭುಜ ಹಿಡಿದು, ಅವಳಿಗೆ ನೀನೇ ಗೋಡೆ, ಗಟ್ಟಿಯಾಗಿರಬೇಕು ಎಂದರು. ಇರುತ್ತೇನೆ ಎಂದೆ.

ನೀನು ಕೇಳಿದ್ದನ್ನು ನೀನು ಇಲ್ಲಿಗೆ ಬಂದಾಗ ಕುಳಿತು ಮಾತಾಡೋಣ. ಈಗ ಅದನ್ನೆಲ್ಲ ಯೋಚಿಸಬೇಡ. ಆರೋಗ್ಯ ನೋಡಿಕೋ. ಅತ್ತೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಪ್ರೀತಮ್


ಮುಲ್ಕಿ
4 ಸೆಪ್ಟೆಂಬರ್ 2023

ಪ್ರೀತಮ್,

ನಲ್ಲಿಯ ವಿಷಯ ತಿಳಿದು ಸಂತೋಷವಾಯಿತು.

ನಾನು ನಿಮಗೆ ಹೇಳದ ಒಂದು ಸಂಗತಿ ಇದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಎದೆಯಲ್ಲಿ ಹಾಲು ಬಂತು. ಡಾಕ್ಟರ್ ಮಾತ್ರೆ ಕೊಟ್ಟಿದ್ದರೂ ಬಂತು. ಅಮ್ಮ ಬಟ್ಟೆ ಬಿಗಿದು ಕಟ್ಟಿದರು. ನೀವು ಹೊರಗಿನ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಮೇಸ್ತ್ರಿಯ ಹತ್ತಿರ ಯಾವುದೋ ಮೆಷಿನ್ ಬಗ್ಗೆ ಮಾತಾಡುತ್ತಿದ್ದಿರಿ. ನಿಮ್ಮ ಸ್ವರ ಎಷ್ಟು ಸರಿಯಾಗಿತ್ತು ಎಂದರೆ, ಈ ಮನುಷ್ಯನಿಗೆ ಏನೂ ಆಗಿಲ್ಲ ಎಂದು ನನಗೆ ಅನಿಸಿತು. ಮೂರನೇ ದಿನಕ್ಕೇ ಕೆಲಸಕ್ಕೆ ಹೋದಿರಿ ಎಂದು ಅಮ್ಮ ಹೇಳಿದರು. ಒಂದು ಸಲವಾದರೂ ನೀವು ಅತ್ತದ್ದನ್ನು ನಾನು ನೋಡಲಿಲ್ಲ.

ಗೋಡೆಯಾಗಿರಿ ಎಂದು ಅಯ್ಯನವರು ಹೇಳಿದರೆ ಅವರಿಗೆ ಹೇಳಿ, ನನಗೆ ಗೋಡೆ ಬೇಡ.

ನೀವು ನನ್ನನ್ನು ದೂರುತ್ತಿದ್ದೀರಾ? ಕಾಲು ಊದಿಕೊಂಡಾಗಲೇ ನಾನು ಡಾಕ್ಟರ್‌ಗೆ ಹೇಳಬೇಕಿತ್ತು ಎಂದು ನಿಮ್ಮ ಮನಸ್ಸಿನಲ್ಲಿದೆಯೇ? ಇದ್ದರೆ ಹೇಳಿ. ಹೇಳದೆ ಇರುವುದಕ್ಕಿಂತ ಅದೇ ಒಳ್ಳೆಯದು. ಇಲ್ಲವಾದರೆ ನಾನು ಕೇಳಿದ್ದಕ್ಕೆ ಉತ್ತರ ಬರೆಯಿರಿ. ತಾಯಿಯಾಗಿ ಕೇಳುತ್ತಿದ್ದೇನೆ. ಮಗು ಯಾರ ಹಾಗಿತ್ತು?

ವಿನೋದಿನಿ


ವಡಾಲ
20 ಸೆಪ್ಟೆಂಬರ್ 2023

ವಿನು,

ನಿನ್ನನ್ನು ನಾನು ಯಾವತ್ತೂ ದೂರಿಲ್ಲ. ದೇವರಾಣೆ.

ನಿನ್ನ ಹಾಗೇ ಇತ್ತು.

ಪ್ರೀತಮ್


ಮುಲ್ಕಿ
26 ಸೆಪ್ಟೆಂಬರ್ 2023

ಪ್ರೀತಿಯ ಪ್ರೀತಮ್‌ಗೆ,

ನಿಮ್ಮ ಎರಡು ಸಾಲಿನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಳಗೆ ಹೋಗಿ ಪೆಟ್ಟಿಗೆ ತೆಗೆದು ನನ್ನ ಒಂದು ಫೋಟೋ ತಂದರು. ಹುಟ್ಟಿದ ಕೆಲವೇ ದಿನಗಳಲ್ಲಿ ಮಂಗಳೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದಂತೆ. ಮುಖವೆಲ್ಲ ಸುಕ್ಕು, ಹಣೆ ದೊಡ್ಡದು. ಯಾರೊಡನೆಯೋ ಸಿಟ್ಟಾದ ಮುದುಕಿಯ ಹಾಗೆ ಕಾಣುತ್ತೇನೆ. ನೋಡಿ ನಗು ಬಂತು. ನಗು ಬಂದದ್ದಕ್ಕೆ ಆಮೇಲೆ ಅಳು ಬಂತು. ಅಮ್ಮನೂ ಅತ್ತರು. ಅದು ಒಳ್ಳೆಯ ಅಳು, ಪ್ರೀತಮ್. ಇಷ್ಟು ದಿನ ಬರುತ್ತಿದ್ದದ್ದು ಬೇರೆ.

ನಿಮಗೆ ಬರೆಯಲು ಎಷ್ಟು ಕಷ್ಟವಾಗಿದೆ ಎಂದು ಆ ಕಾಗದ ನೋಡಿದರೆ ಗೊತ್ತಾಗುತ್ತದೆ. ನಾನು ಒರಟಾಗಿ ಬರೆದಿದ್ದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿನ್ನೆ ಮೊದಲ ಸಲ ಅಣ್ಣನ ಚಿಕ್ಕ ಮಗನನ್ನು ಎತ್ತಿಕೊಂಡೆ.

ಕೂದಲಿತ್ತೇ ಅವಳಿಗೆ? ನಿಮಗೆ ಆದಾಗ ಬರೆಯಿರಿ. ಅವಸರವಿಲ್ಲ.

ನಿಮ್ಮ
ವಿನು


ವಡಾಲ
9 ಅಕ್ಟೋಬರ್ 2023

ಪ್ರೀತಿಯ ವಿನು,

ನೀನು ನಕ್ಕೆ ಎಂದು ಬರೆದ ಸಾಲನ್ನು ಗಾಡಿಯಲ್ಲಿ ಮತ್ತೆ ಮತ್ತೆ ಓದಿದೆ.

ಕೂದಲಿತ್ತು. ಕಪ್ಪಾಗಿತ್ತು.

ಇಲ್ಲೊಂದು ಫಜೀತಿಯಾಗಿದೆ. ನಮ್ಮ ಸಭೆಯ ಪುರುಷರ ಕೂಟಕ್ಕೆ ತಿಲಕ್ ಕಾರ್ಯದರ್ಶಿಯಲ್ಲವೇ, ಅವನು ಈ ತಿಂಗಳ ಕೊನೆಯ ಭಾನುವಾರ ನಾನು ಎಲ್ಲರೆದುರು ನನ್ನ ವಿಶ್ವಾಸದ ಸಾಕ್ಷಿ ಹೇಳಬೇಕು ಎಂದು ಹಟ ಹಿಡಿದಿದ್ದಾನೆ. ಮನೆಗೆ ತಲೆಯಾದ ಗಂಡಸು ಕಷ್ಟದಲ್ಲಿ ಹೇಗೆ ನಿಲ್ಲಬೇಕು ಎಂಬುದು ವಿಷಯ. ನನಗೆ ಬರುವುದಿಲ್ಲ ಎಂದೆ. "ಅರೆ ಯಾರ್, ನೀನು ಕೈಸಾ ನಿಂತೆ, ನಾನು ನೋಡಿದ್ದೀನಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಅದೇ ಹೇಳು, ನಾಲ್ಕು ಜನಕ್ಕೆ ತಾಕತ್ ಬರ್ತದೆ" ಎಂದ. ಮರಿಯಳ ಗಂಡ ಯೋಸೇಫನ ಉದಾಹರಣೆ ಕೊಡು ಎಂದೂ ಹೇಳಿದ. ಎಂಥಾ ಕಷ್ಟ ಬಂದರೂ ಯೋಸೇಫ ಬಾಯಿ ಬಿಡದೆ, ದೇವದೂತ ಹೇಳಿದ ಕೆಲಸವನ್ನು ಎದ್ದು ಮಾಡಿದನಂತೆ.

ಮನೆಗೆ ಬಂದು ಸತ್ಯವೇದ ತೆಗೆದು ನೋಡಿದೆ. ಹೌದು, ಯೋಸೇಫ ಆಡಿದ ಒಂದು ಮಾತೂ ಅಲ್ಲಿ ಬರೆದಿಲ್ಲ. ಅವನಿಗೆ ಮಾತೇ ಇರಲಿಲ್ಲವೋ, ಅಥವಾ ಅವನನ್ನು ಯಾರೂ ಕೇಳಲಿಲ್ಲವೋ ತಿಳಿಯದು. ಯೇಸುಸ್ವಾಮಿ ಗೆಳೆಯನ ಸಮಾಧಿಯ ಮುಂದೆ ಎಲ್ಲರೆದುರು ಅತ್ತದ್ದೂ ಅದೇ ಪುಸ್ತಕದಲ್ಲಿದೆ. ಅದರ ಬಗ್ಗೆ ಮಾತಾಡು ಎಂದು ಪುರುಷರ ಕೂಟದಲ್ಲಿ ಯಾರೂ ಹೇಳುವುದಿಲ್ಲ.

ಒಪ್ಪಿಕೊಂಡಿದ್ದೇನೆ. ಬೇಡ ಎಂದು ಹೇಳಲು ಕಾರಣ ಕೊಡಬೇಕಾಗುತ್ತದೆ.

ನಿನ್ನ
ಪ್ರೀತಮ್


ಮುಲ್ಕಿ
17 ಅಕ್ಟೋಬರ್ 2023

ನನ್ನ ಪ್ರೀತಮ್,

ಇದರ ಜೊತೆ ಒಂದು ಚಿತ್ರ ಇಟ್ಟಿದ್ದೇನೆ. ನಾನೇ ಬಿಡಿಸಿದ್ದು, ಪೆನ್ಸಿಲಿನಲ್ಲಿ. ನನ್ನ ಆ ಹಳೆಯ ಫೋಟೋ ಎದುರಿಗಿಟ್ಟುಕೊಂಡು, ನೀವು ಹೇಳಿದ ಹಾಗೆ ಕಪ್ಪು ಕೂದಲು ಹಾಕಿದೆ. ಗಲ್ಲ ಮಾತ್ರ ನಿಮ್ಮದು. ನಿಮ್ಮ ಗಲ್ಲವನ್ನು ಅವಳು ಪೂರ್ತಿ ಬಿಟ್ಟಿರಲಾರಳು ಎಂದು ನನಗೆ ಅನಿಸಿತು.

ಅವಳಿಗೊಂದು ಹೆಸರೂ ಬಂದಿದೆ. ವಿಜೇತಾ. ಉಸಿರಿಲ್ಲದೆ ಹುಟ್ಟಿದವರಿಗೆ ದೀಕ್ಷಾಸ್ನಾನ ಇಲ್ಲ, ಸಭೆಯ ದಾಖಲೆಯಲ್ಲಿ ಹೆಸರಿಲ್ಲ ಎಂದು ಅಯ್ಯನವರು ನಿಮಗೆ ಹೇಳಿದ್ದರಂತೆ. ಇಲ್ಲದಿದ್ದರೆ ಬೇಡ. ನಾವಿಬ್ಬರು ಕರೆದರೆ ಸಾಕು.

ನಾನು ನವೆಂಬರ್ ನಡುವಿನಲ್ಲಿ ಬರುತ್ತೇನೆ. ಅಣ್ಣ ಟಿಕೆಟ್ ನೋಡುತ್ತಿದ್ದಾನೆ. ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕೋಣ. ಅದಕ್ಕಿಂತ ಮೊದಲು ನೀವು ಸರಿಯಾಗಿ ನೋಡಿ. ಎಲ್ಲಿ ತಪ್ಪಿದೆಯೋ ಅಲ್ಲಿ ತಿದ್ದಿ ಕಳಿಸಿ. ಅವಳ ಕಣ್ಣು ಮುಚ್ಚಿದ ಹಾಗೆಯೇ ಬಿಡಿಸಿದ್ದೇನೆ. ಹುಬ್ಬು ಹೇಗಿತ್ತು ಎಂದು ಗೊತ್ತಿಲ್ಲದೆ ಸುಮ್ಮನೆ ಒಂದು ಗೆರೆ ಎಳೆದಿದ್ದೇನೆ.

ನಿಮ್ಮ ಸಾಕ್ಷಿಗಾಗಿ ಪ್ರಾರ್ಥಿಸುತ್ತೇನೆ. ಹೆದರಬೇಡಿ.

ನಿಮ್ಮ
ವಿನು


ವಡಾಲ
6 ನವೆಂಬರ್ 2023

ವಿನು,

ಚಿತ್ರ ನನ್ನ ಮುಂದಿದೆ. ಎಷ್ಟೋ ದಿನದಿಂದ ಇದೆ. ಪೆನ್ಸಿಲ್ ಹಿಡಿದು ಕುಳಿತಿದ್ದೂ ಆಯಿತು.

ಮೊದಲು ಕೂಟದ ಸಂಗತಿ ಹೇಳುತ್ತೇನೆ. ಬರೆದುಕೊಂಡದ್ದನ್ನು ಎದ್ದು ನಿಂತು ಓದಿದೆ. ಕರ್ತನು ನನ್ನನ್ನು ಹೇಗೆ ಸ್ಥಿರಪಡಿಸಿದನು ಎಂದೆಲ್ಲ. ಸ್ವರ ಎಲ್ಲೂ ನಡುಗಲಿಲ್ಲ. ಮುಗಿದ ಮೇಲೆ ಎಲ್ಲರೂ ಕೈ ಕುಲುಕಿದರು. ಚಹಾದ ಹೊತ್ತಿಗೆ ಅಂಗಾರಣ್ಣ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಪೋರ್ಟ್‌ನಲ್ಲಿ ಕ್ರೇನ್ ನಡೆಸುತ್ತಿದ್ದವರು, ಕೊನೆಯ ಬೆಂಚಿನಲ್ಲಿ ಕುಳಿತು ಯಾರೊಡನೆಯೂ ಮಾತಾಡದೆ ಹೋಗುವವರು. ಅವರಿಗೂ ಒಂದು ಗಂಡು ಮಗು ಹೋಗಿತ್ತಂತೆ, ಎಳೆಯದರಲ್ಲೇ, ಜ್ವರದಲ್ಲಿ. ಮಣ್ಣು ಮಾಡಿ ಬಂದ ದಿನವೇ ಡ್ಯೂಟಿಗೆ ಹೋದರಂತೆ. ಹೆಂಡತಿ ಇರುವ ತನಕ ಇಬ್ಬರೂ ಆ ಮಾತು ಎತ್ತಲಿಲ್ಲವಂತೆ. ಇದನ್ನೆಲ್ಲ ಬೇರೆ ಯಾರದೋ ಕಥೆಯಂತೆ ಹೇಳಿ, ಕೊನೆಗೆ ನನ್ನ ಕಡೆ ತಿರುಗಿದರು.

"ನಾನು ಆಗ ಮುಖ ಒಳ್ಳೆ ನೋಡಿಟ್ಟುಕೊಂಡಿದ್ದೆ ಮಾರಾಯ. ಈಗ ನೆನಪು ಮಾಡಿದರೆ ಬರುವುದೇ ಇಲ್ಲ. ಕೇಳುವ ಅಂದರೆ ಅವಳೂ ಇಲ್ಲ. ನಿನಗೆ ನೆನಪುಂಟಲ್ಲ?"

ಉಂಟು ಎಂದೆ, ವಿನು. ಅವರಿಗೂ ಅದೇ ಹೇಳಿದೆ.

ನಾನು ನೋಡಿಲ್ಲ.

ನಿನ್ನನ್ನು ಐಸಿಯುಗೆ ಹಾಕಿದ ಮೇಲೆ ನರ್ಸ್ ಒಬ್ಬಳು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟಳು. ಮೇಲೆ ಒಂದು ಚೀಟಿ ಅಂಟಿಸಿತ್ತು, 'ಬೇಬಿ ಆಫ್ ವಿನೋದಿನಿ' ಎಂದು. ನನ್ನ ಹೆಸರು ಎಲ್ಲೂ ಇರಲಿಲ್ಲ. ಬಟ್ಟೆ ಸರಿಸಲು ಕೈ ಹಾಕಿದಾಗ ಅವಳು ಮರಾಠಿಯಲ್ಲಿ, ನೋಡಬೇಡಿ ಅಣ್ಣಾ, ಹೊಟ್ಟೆಯ ಒಳಗೇ ಜೀವ ಹೋಗಿ ಸ್ವಲ್ಪ ಹೊತ್ತಾಗಿದೆ, ಆಮೇಲೆ ಅದೇ ಕಣ್ಣ ಮುಂದೆ ನಿಲ್ಲುತ್ತದೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಅವಳ ಮಾತು ಮೀರಿ ನೋಡಬಹುದಿತ್ತು. ನನ್ನ ಕೈ ಹಿಂದೆ ಬಂತು. ನೀನು ಉಳಿಯುತ್ತೀಯೋ ಇಲ್ಲವೋ ಎಂದು ಆಗ ಯಾರೂ ಹೇಳಿರಲಿಲ್ಲ. ಈ ಮುಖ ನೋಡಿದರೆ ನನ್ನ ಕಾಲು ನಿಲ್ಲುವುದಿಲ್ಲ, ನಾನು ಬಿದ್ದರೆ ನಿನ್ನ ಕಡೆಯಿಂದ ಡಾಕ್ಟರ ಹತ್ತಿರ ಮಾತಾಡುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಹೆದರಿದೆ ಎಂಬುದೂ ನಿಜ.

ಸ್ಮಶಾನದಲ್ಲಿ ಗುಂಡಿ ತೋಡಿದವನು ಇನ್ನೊಂದು ಸಲ ಕೇಳಿದ, ಮುಖ ನೋಡುತ್ತೀರಾ ಎಂದು. ಅಯ್ಯನವರು ಮತ್ತು ತಿಲಕ್ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದೆ. ಗಟ್ಟಿ ಮನುಷ್ಯ ಎಂದುಕೊಂಡರು.

ಆದ್ದರಿಂದ ನಿನ್ನ ಚಿತ್ರದಲ್ಲಿ ಏನು ತಿದ್ದಬೇಕೋ ನನಗೆ ಗೊತ್ತಿಲ್ಲ. ನಿನ್ನ ಹಾಗಿತ್ತು ಎಂದು ಬರೆದದ್ದು, ನೀನು ಮತ್ತೆ ಕೇಳಿದ್ದನ್ನು ತಡೆದುಕೊಳ್ಳಲಾರದೆ. ಕೂದಲಿನ ಮಾತೂ ಹಾಗೆಯೇ. ನೀನು ನಕ್ಕೆ ಎಂದು ಬರೆದ ಮೇಲೆ ಹಿಂದೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ಪ್ರೀತಮ್


ಮುಲ್ಕಿ
15 ನವೆಂಬರ್ 2023

ಹಾಗಾದರೆ ನಮ್ಮ ಮಗುವನ್ನು ಯಾರೂ ನೋಡಲಿಲ್ಲ.

ಟಿಕೆಟ್ ರದ್ದು ಮಾಡಿಸಿದ್ದೇನೆ.

ವಿನೋದಿನಿ


ವಡಾಲ
28 ನವೆಂಬರ್ 2023

ವಿನು,

ಫೋನ್ ಮಾಡಿದರೆ ಅತ್ತೆ ಎತ್ತುತ್ತಾರೆ. ನೀನು ಮಲಗಿದ್ದೀಯೆ ಎನ್ನುತ್ತಾರೆ. ಮೂರು ಸಲ ಮಾಡಿದರೂ ನೀನು ಮಲಗಿದ್ದೆ. ಇರಲಿ. ನಾನು ಅಲ್ಲಿಗೆ ಬರಲೇ ಎಂದು ಕೇಳಿದೆ. ಬೇಡ, ಅವಳೇ ಹೇಳಲಿ ಎಂದರು.

ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ಮೆಷಿನ್ ಕೆಟ್ಟರೆ ಬಿಚ್ಚಿ ನೋಡಬಹುದು. ಅಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ದೇವರು ಮಗುವನ್ನು ನೋಡಿದ್ದಾನಲ್ಲ, ಹಾಗೆಂದು ಹೆಂಡತಿಗೆ ಬರೆ ಎಂದರು. ಬರೆಯಲು ಕುಳಿತೆ. ನಿನ್ನ ಮುಖ ನೆನಪಾಯಿತು, ಬರೆಯಲಿಲ್ಲ.

ಪ್ರಾರ್ಥನೆಗೆ ಮೊಣಕಾಲೂರುತ್ತೇನೆ. ಸ್ವಲ್ಪ ಹೊತ್ತು ಹಾಗೇ ಇದ್ದು ಏಳುತ್ತೇನೆ.

ಪ್ರೀತಮ್


ವಡಾಲ
21 ಡಿಸೆಂಬರ್ 2023

ವಿನು,

ಕ್ರಿಸ್ಮಸ್‌ಗೆ ನಿನಗೂ ಅತ್ತೆಗೂ ಸೀರೆ ಕಳಿಸಿದ್ದೇನೆ. ದಾದರ್‌ನ ಅಂಗಡಿಯಲ್ಲಿ ಆರಿಸಲು ಗೊತ್ತಾಗದೆ ಅಂಗಡಿಯವಳು ಹೇಳಿದ್ದನ್ನೇ ತೆಗೆದುಕೊಂಡೆ.

ಈ ವರ್ಷ ಬಾಲಯೇಸುವನ್ನು ಮಲಗಿಸುವ ಗೋದಲಿ ಮಾಡುವ ಕೆಲಸ ತಿಲಕ್ ನನಗೆ ಹೇಳಿದ. ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ. ಕೂಟದಲ್ಲಿ ಎಲ್ಲರೆದುರೇ ಹೇಳಿದೆ, ಹುಲ್ಲಿನ ಮೇಲೆ ಮಗುವನ್ನು ಇಡಲು ನನ್ನಿಂದ ಆಗುವುದಿಲ್ಲ, ನನ್ನ ಸಾಕ್ಷಿಯೂ ಸುಳ್ಳು, ನಾನು ಗಟ್ಟಿಯಾಗಿ ನಿಂತಿರಲಿಲ್ಲ, ಹೆದರಿದ್ದೆ ಎಂದು. ಆಮೇಲೆ ತಿಲಕ್ ಲೈಟಿನ ಸರಗಳ ವಿಷಯ ತೆಗೆದ. ಅವನದೂ ತಪ್ಪಲ್ಲ. ಅಂಗಾರಣ್ಣ ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಗೇಟಿನ ಬಳಿ ನಿಂತಿದ್ದರು. ಇಬ್ಬರೂ ಜೊತೆಗೆ ಬಸ್ ಸ್ಟಾಪಿನ ತನಕ ನಡೆದೆವು.

ಉತ್ತರ ಬರೆಯದಿದ್ದರೂ ಆದೀತು. ಮಾತ್ರೆ ತೆಗೆದುಕೊಳ್ಳುತ್ತಿದ್ದೀಯೆ ಎಂದಷ್ಟೇ ಅತ್ತೆಯಿಂದ ಹೇಳಿಸು.

ಪ್ರೀತಮ್


ಮುಲ್ಕಿ
3 ಜನವರಿ 2024

ಪ್ರೀತಮ್‌ಗೆ,

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಸೀರೆಯ ಬಣ್ಣ ಚೆನ್ನಾಗಿಲ್ಲ. ಅಮ್ಮ ಉಟ್ಟರು. ನಾನು ಉಡಲಿಲ್ಲ.

ನನ್ನ ಸಿಟ್ಟು ಹೋಗಿದೆ ಎಂದು ತಿಳಿಯಬೇಡಿ. ನೀವು ನೋಡದೆ ಇದ್ದದ್ದಕ್ಕೆ ಅಷ್ಟಿಲ್ಲ. ನಾನಾಗಿದ್ದರೂ ನೋಡುತ್ತಿದ್ದೆನೋ ಇಲ್ಲವೋ ಹೇಳಲಾರೆ. ಒಂದು ಮುಖ ಕೊಟ್ಟು ಆಮೇಲೆ ಕಿತ್ತುಕೊಂಡಿರಲ್ಲ, ಅದಕ್ಕೆ. ಎರಡು ಸಲ ಹೂತ ಹಾಗಾಯಿತು.

ದೇವರು ನೋಡಿದ್ದಾನೆ ಎಂದು ಅಮ್ಮನೂ ಹೇಳುತ್ತಾರೆ. ನೋಡಿರಬಹುದು. ಆದರೆ ಅವನು ನನಗೆ ಹೇಳುವುದಿಲ್ಲವಲ್ಲ.

ಕ್ರಿಸ್ಮಸ್ ದಿನ ಆರಾಧನೆಗೆ ಹೋಗಿದ್ದೆ. ಮುಂದಿನ ಬೆಂಚಿನಲ್ಲಿ ಒಬ್ಬ ಗಂಡಸು ಎಳೆಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಕುಳಿತಿದ್ದ. ಬೋಧಕರ ಪ್ರಸಂಗ ಮುಗಿಯುವ ತನಕ ಅವನ ಕೈಯನ್ನೇ ನೋಡುತ್ತಿದ್ದೆ. ಆಗ ಅನಿಸಿತು, ಮುಖ ನೋಡಲಿಲ್ಲ ಸರಿ, ಎತ್ತಿಕೊಂಡವರಾದರೂ ನೀವೇ ಅಲ್ಲವೇ. ನಾನು ಅಷ್ಟು ತಿಂಗಳು ಹೊತ್ತೆ, ಆದರೆ ಕೈಯಲ್ಲಿ ಎತ್ತಲಿಲ್ಲ. ಆಸ್ಪತ್ರೆಯಿಂದ ಶಿವಡಿಯ ತನಕ ನಿಮ್ಮ ಕೈಯಲ್ಲೇ ಇದ್ದಳೇ? ಅಥವಾ ಬೇರೆ ಯಾರಿಗಾದರೂ ಕೊಟ್ಟಿರೇ? ಎಷ್ಟು ಭಾರವಿದ್ದಳು?

ಗೊತ್ತಿರುವುದನ್ನು ಮಾತ್ರ ಬರೆಯಿರಿ.

ವಿನೋದಿನಿ


ವಡಾಲ
9 ಜನವರಿ 2024

ವಿನು,

ಯಾರಿಗೂ ಕೊಡಲಿಲ್ಲ. ತಿಲಕ್ ಕೇಳಿದ, ಕೊಡಲಿಲ್ಲ.

ಟ್ಯಾಕ್ಸಿಯಲ್ಲಿ ಹೋದೆವು. ಅಯ್ಯನವರು ಮುಂದೆ, ನಾನು ಮತ್ತು ತಿಲಕ್ ಹಿಂದೆ. ಭಾರ ಎಷ್ಟು ಎಂದು ಸರಿಯಾಗಿ ಹೇಳಲಾರೆ. ಅಂಗಡಿಯಿಂದ ಎರಡು ಕಿಲೋ ಅಕ್ಕಿ ತಂದರೆ ಅಷ್ಟಿರಬಹುದು, ಆದರೆ ಅಕ್ಕಿಯ ಚೀಲದ ಹಾಗೆ ಇರಲಿಲ್ಲ. ಕೈ ಬಾಗಿದ ಕಡೆಗೆ ತಾನೂ ಬಾಗುತ್ತಿತ್ತು. ತಣ್ಣಗಿತ್ತು. ನನ್ನ ಅಂಗಿಯ ಎದೆಯ ಭಾಗವೂ ತಣ್ಣಗಾಯಿತು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆ ನನ್ನ ಮೈಯ ಬಿಸಿಗೆ ಬೆಚ್ಚಗಾಯಿತು. ಆಗ ಒಂದು ಕ್ಷಣ ನನಗೆ ಹುಚ್ಚು ಆಸೆ ಹುಟ್ಟಿತ್ತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಬಲಗೈಯಲ್ಲಿದ್ದವಳನ್ನು ನಡುವೆ ಎಡಗೈಗೆ ತೆಗೆದುಕೊಂಡೆ. ಕೈ ನೋಯುತ್ತಿತ್ತು ಎಂದಲ್ಲ. ಎರಡೂ ಕೈ ಹೊತ್ತಿರಲಿ ಎಂದು.

ರೈಲ್ವೆ ಸೇತುವೆ ಇಳಿಯುವಾಗ ಒಂದು ಟೆಂಪೋ ಅಡ್ಡ ಬಂತು. ಟ್ಯಾಕ್ಸಿಯವನು ಒಮ್ಮೆಲೇ ಬ್ರೇಕ್ ಹಾಕಿದ. ಅವಳು ಜಾರಿದಳು. ನಾನು ಯೋಚಿಸುವ ಮೊದಲೇ ನನ್ನ ಬಲಗೈ ಹೋಗಿ ಕೆಳಗೆ ಹಿಡಿಯಿತು. ತಲೆ ಎಲ್ಲಿದೆ ಎಂದು ನನಗೆ ತಿಳಿದದ್ದು ಆಗಲೇ. ಬಟ್ಟೆಯ ಮೇಲಿನಿಂದಲೇ ಅಂಗೈ ತುಂಬ ಬಂದು ಕೂತಿತು, ದುಂಡಗೆ. ಆಮೇಲೆ ಗುಂಡಿಯ ಬಳಿ ಕೊಡುವ ತನಕ ಆ ಕೈ ತೆಗೆಯಲಿಲ್ಲ. ಹೆಬ್ಬೆರಳಿನ ಹತ್ತಿರ ಕಿವಿ ಇತ್ತು ಎಂದು ನನಗೆ ಅನಿಸಿತು. ಕಿವಿಯೋ, ಬಟ್ಟೆಯ ಮಡಿಕೆಯೋ ಖಾತ್ರಿ ಇಲ್ಲ. ಖಾತ್ರಿ ಇಲ್ಲದ್ದನ್ನು ಹಾಗೆಂದೇ ಬರೆಯುತ್ತಿದ್ದೇನೆ.

ನೀನು ಯಾವಾಗ ಬರುತ್ತೀ ಎಂದು ಕೇಳುವುದಿಲ್ಲ. ಬಂದರೆ ನನ್ನ ಬಲಗೈಯನ್ನು ನಿನ್ನ ಕೈ ಮೇಲಿಟ್ಟು, ತಲೆ ಇಷ್ಟಿತ್ತು ಎಂದು ತೋರಿಸಬಲ್ಲೆ. ಬೇರೆ ಏನೂ ನನ್ನ ಬಳಿ ಇಲ್ಲ.

ಪ್ರೀತಮ್